ಒಂಬತ್ತು ಗೆರೆ

ಸಿಕಂದರನ ಕೈ ತಪ್ಪುವುದಿಲ್ಲ ಎಂಬ ಮಾತು ಕಪನೂರು ಕಡೆಯ ವರ್ಕ್‌ಶಾಪುಗಳಲ್ಲಿ ಎಷ್ಟು ಹಳತಾಗಿತ್ತೆಂದರೆ, ಅದನ್ನು ಮೊದಲು ಆಡಿದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಸಿಕಂದರನಿಗೆ ನೆನಪಿತ್ತು. ಆಡಿದವನು ಕಮಲಾಪುರದ ಕಾಶಿರಾಯ. ಅದೇ ಮಾತಿನ ಬಲದ ಮೇಲೆ ಹದಿನೆಂಟು ವರ್ಷಗಳ ಹಿಂದೆ ಕಾಶಿರಾಯನ ಕೆಲಸ ಹೋಯಿತು. ಹೋಗುವಂತೆ ಮಾಡಿದವನು ಸಿಕಂದರ. ಇದನ್ನು ಅವನು ಎಂದೂ ಮುಚ್ಚಿಟ್ಟವನಲ್ಲ. ತಾನು ಹೇಳಿದ್ದು ಖರೆ, ಖರೆ ಹೇಳಿದ್ದಕ್ಕೆ ಒಬ್ಬನ ಕೆಲಸ ಹೋದರೆ ತಾನೇನು ಮಾಡಲಾದೀತು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದ.

ಆಗ ಇಬ್ಬರೂ ಒಂದೇ ವರ್ಕ್‌ಶಾಪಿನಲ್ಲಿದ್ದರು. ತೊಗರಿ ಬೇಳೆ ಮಾಡುವ ಮಿಲ್ಲುಗಳಿಗೆ ಬಿಡಿಭಾಗ ಮಾಡಿಕೊಡುವ ಜಾಗ. ಸಿಕಂದರನದು ಮಿಲ್ಲಿಂಗ್ ಯಂತ್ರ; ಕಾಶಿರಾಯ ಅಲ್ಲಿನ ಯಂತ್ರಗಳನ್ನೆಲ್ಲ ರಿಪೇರಿ ಮಾಡುವ ಫಿಟರ್. ಮಿಲ್ಲಿಂಗ್ ಯಂತ್ರವೆಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಮೇಲೆ ಕಟರು ಗರಗರ ತಿರುಗುತ್ತದೆ, ಕೆಳಗೆ ಟೇಬಲ್ಲಿನ ಮೇಲೆ ಬಿಗಿದ ಲೋಹದ ತುಂಡನ್ನು ಹಿಡಿಕೆ ತಿರುಗಿಸಿ ಸರಿಸಬೇಕು. ಟೇಬಲ್ಲಿನ ಹೊಟ್ಟೆಯೊಳಗೆ ಉದ್ದನೆಯ ಒಂದು ಸ್ಕ್ರೂ, ಆ ಸ್ಕ್ರೂವನ್ನು ಹಿಡಿದುಕೊಂಡ ಒಂದು ಕಂಚಿನ ನಟ್ಟು. ಹಿಡಿಕೆಯ ಬುಡದಲ್ಲಿ ಗೆರೆ ಕೊರೆದ ಬಳೆ ಇರುತ್ತದೆ. ಎಷ್ಟು ಗೆರೆ ತಿರುಗಿಸಿದೆವೋ ಟೇಬಲ್ಲು ಅಷ್ಟು ಸರಿಯಬೇಕು. ನಟ್ಟು ಸವೆಯಿತೋ, ಅಲ್ಲಿಗೆ ಈ ಮರ್ಯಾದೆ ಮುಗಿಯಿತು. ಬಲಕ್ಕೆ ಹೋದ ಟೇಬಲ್ಲನ್ನು ಎಡಕ್ಕೆ ತರಲು ಹೋದರೆ ಮೊದಲ ಕೆಲವು ಗೆರೆ ಹಿಡಿಕೆ ಬರಿದೇ ತಿರುಗುತ್ತದೆ, ಟೇಬಲ್ಲು ಮಿಸುಕುವುದಿಲ್ಲ. ವರ್ಕ್‌ಶಾಪಿನವರು ಇದನ್ನು ಪ್ಲೇ ಅನ್ನುತ್ತಾರೆ.

ಆ ಯಂತ್ರಕ್ಕೆ ಹದಿನಾಲ್ಕು ಗೆರೆ ಪ್ಲೇ ಇತ್ತು. ಪುಸ್ತಕದ ಪ್ರಕಾರ ಗುರಿ ದಾಟಿ ಹೋಗಿ, ಮತ್ತೆ ಒಂದೇ ದಿಕ್ಕಿನಿಂದ ಗೆರೆಗೆ ಬಂದು ನಿಲ್ಲಬೇಕು. ದಿನಕ್ಕಿಷ್ಟು ಪ್ಲೇಟು ಇಳಿಯಲೇಬೇಕು ಎಂದು ವರ್ಕ್‌ಶಾಪಿನ ಮಾಲೀಕ ಸೇಠ್ ತಲೆಯ ಮೇಲೆ ನಿಂತಿರುವಾಗ ಪುಸ್ತಕ ಯಾರಿಗೆ ಬೇಕು? ಸಿಕಂದರ್ ಹದಿನಾಲ್ಕು ಗೆರೆಯನ್ನು ಕೈಯಿಂದಲೇ ಕೂಡಿಸಿ ತಿರುಗಿಸುತ್ತಿದ್ದ. ವರ್ಷಗಟ್ಟಲೆ ಹಾಗೆಯೇ ಮಾಡಿದ. ಪ್ಲೇಟುಗಳು ಕೂದಲೆಳೆಯಷ್ಟೂ ತಪ್ಪದೆ ಬರುತ್ತಿದ್ದವು. ಅದನ್ನು ನೋಡಿಯೇ ಕಾಶಿರಾಯ ಆ ಮಾತು ಆಡಿದ್ದು.

ಕಡೆಗೆ ಸೇಠ್ ಹೊಸ ನಟ್ಟಿಗೆ ಒಪ್ಪಿದ. ಕಾಶಿರಾಯ ಮೂರು ದಿನ ಕೂತು ನಟ್ಟು ಮಾಡಿ ಹಾಕಿದ. ಮಾರನೇ ದಿನ ಸಿಕಂದರ್ ಇಳಿಸಿದ ನಲವತ್ತು ಪ್ಲೇಟೂ ಕೆಟ್ಟವು, ಎಲ್ಲವೂ ಒಂದೇ ಅಳತೆಗೆ ಕೆಟ್ಟವು. ಸೇಠ್ ಕೇಳಿದ, ಸಿಕಂದರ್ ಹೇಳಿದ: ನಟ್ಟು ಸರಿಯಾಗಿ ಕೂತಿಲ್ಲ. ಕಾಶಿರಾಯ ಪ್ಲೇ ಅಳೆಯುವ ಗೇಜು ಇಟ್ಟು ತೋರಿಸಹೋದ. ಸೇಠನಿಗೆ ಗೇಜು ಓದಲು ಬರುತ್ತಿರಲಿಲ್ಲ, ಸಿಕಂದರನ ಕೈ ತಪ್ಪುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ನಾಳೆಯಿಂದ ಬರಬೇಡ ಎಂದುಬಿಟ್ಟ. ಹೊಸ ಫಿಟರೊಬ್ಬ ಬಂದು ಅದೇ ನಟ್ಟನ್ನು ಬಿಚ್ಚಿದ, ಎಣ್ಣೆ ಬಿಟ್ಟ, ತಿರುಗಿ ಹಾಕಿದ. ನಲವತ್ತು ಪ್ಲೇಟಿನ ಹೆದರಿಕೆಯಲ್ಲಿ ಸಿಕಂದರ್ ಒಂದು ವಾರ ಪುಸ್ತಕದ ಪ್ರಕಾರ ನಿಧಾನಕ್ಕೆ ಕೆಲಸ ಮಾಡಿದ. ಪ್ಲೇಟು ಸರಿ ಬಂದವು. ಕಾಶಿರಾಯನ ತಪ್ಪಿಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಎಲ್ಲರೂ ಅಂದರು.

ಇದಿಷ್ಟು ಹಳೆಯದು. ಸಿಕಂದರನಿಗೆ ಈಗ ಅರವತ್ತಮೂರು. ನಿವೃತ್ತಿಯಾದ ಮೇಲೆ ಜನ ಹಜ್ ಯಾತ್ರೆಯ ಯೋಚನೆ ಮಾಡುತ್ತಾರೆ, ಇಲ್ಲವೇ ಮಸೀದಿಯ ಕಟ್ಟೆಯ ಮೇಲೆ ರಾಜಕೀಯ ಮಾತಾಡುತ್ತಾರೆ. ಇವನು ಹೈದರಾಬಾದಿನಿಂದ ಹಳೆಯದೊಂದು ಪುಟ್ಟ ಮಿಲ್ಲಿಂಗ್ ಯಂತ್ರ ತರಿಸಿದ. ಮನೆಯಲ್ಲಿಟ್ಟುಕೊಂಡು ಹವ್ಯಾಸಕ್ಕೆ ಬಳಸುವಂಥದ್ದು. ಸ್ಟೇಶನ್ ಬಜಾರದ ಲಾರಿ ಆಫೀಸಿನಿಂದ ಅದನ್ನು ಆಟೊದಲ್ಲಿ ಗಾಜಿಪುರಕ್ಕೆ ತಂದು ಮುಂದಿನ ಕೋಣೆಯಲ್ಲಿ ಇಳಿಸಿದಾಗ, ಅಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯವರ ಬ್ಲೌಸು ಹೊಲಿಯುತ್ತಿದ್ದ ಹೆಂಡತಿ ಹಲೀಮಾ ಒಂದು ಮೊಳ ಹಿಂದೆ ಸರಿಯಬೇಕಾಯಿತು. ಮನೆಯ ಮಾತು ದಖನಿಯಾದರೂ ಜಗಳಕ್ಕೆ ಅವಳು ಕನ್ನಡವನ್ನೇ ಎತ್ತಿಕೊಳ್ಳುತ್ತಿದ್ದಳು. ಹುಟ್ಟಿ ಬೆಳೆದದ್ದು ಕನ್ನಡದವರ ಓಣಿಯಲ್ಲಿ.

"ಏನ್ ಮಾಡಾವ್ರು ಇದರಾಗ?"

"ಬ್ಯಾಳಿ ಮಿಲ್ಲು. ಅಂಗೈ ಅಗಲದ್ದು. ರೋಲರ್ ತಿರುಗಬೇಕು, ತೊಗರಿ ಒಡದು ಬ್ಯಾಳಿ ಬೀಳಬೇಕು."

"ಎಷ್ಟು ಬ್ಯಾಳಿ ಬೀಳ್ತದ?"

"ಒಂದು ಚಮಚ."

"ಒಂದು ಚಮಚ ಬ್ಯಾಳಿಗೆ ಇಷ್ಟು ದೊಡ್ಡ ಕಬ್ಬಿಣ ತಂದೀರಿ," ಎಂದಳು ಹಲೀಮಾ. ಅವತ್ತಿನ ಜಗಳ ಅಷ್ಟಕ್ಕೇ ಮುಗಿಯಿತು.

ಎರಡು ವರ್ಷ ಸುಖವಾಗಿ ಕಳೆಯಿತು. ಯಂತ್ರದ ನಟ್ಟು ಹಳೆಯದಾದ್ದರಿಂದ ಪ್ಲೇ ಬೆಳೆಯುತ್ತ ಹೋಯಿತು. ಮೊದಲು ನಾಲ್ಕು ಗೆರೆ, ಆಮೇಲೆ ಆರು, ಈ ಮಳೆಗಾಲದ ಹೊತ್ತಿಗೆ ಒಂಬತ್ತು. ಅಳತೆಗೆ ಅದರಿಂದ ತೊಂದರೆ ಆಗಿರಲಿಲ್ಲ. ತೊಂದರೆ ಬಂದದ್ದು ಬೇರೆ ಕಡೆಯಿಂದ: ನಟ್ಟು ಸಡಿಲವಿದ್ದರೆ ಕಟರು ತುಂಡನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ, ಟೇಬಲ್ಲು ಒಮ್ಮೆಲೇ ಜಿಗಿಯುತ್ತದೆ. ಒಂದು ವಾರದಲ್ಲಿ ಎರಡು ಕಟರು ಪಟ್ಟನೆ ಮುರಿದವು. ಎರಡನೆಯದರ ಚೂರು ಹೋಗಿ ಹಲೀಮಾ ಹೊಲಿಯುತ್ತಿದ್ದ ಹಸಿರು ಬ್ಲೌಸಿನಲ್ಲಿ ಸಿಕ್ಕಿಕೊಂಡಿತು.

"ಇದನ್ನ ಸರಿ ಮಾಡ್ತೀರೋ, ಹೊರಗ ಹಾಕಿಸ್ಲೋ?"

ಸಿಕಂದರ್ ಸರಿಮಾಡಲು ಕೂತ. ಮೊದಲು ಟೇಬಲ್ಲಿನ ಪಕ್ಕದ ಬಿಗಿಪಟ್ಟಿ ನೋಡಿದ. ಅದು ಸಡಿಲವಿದ್ದರೂ ಟೇಬಲ್ಲು ಅಲುಗಾಡುತ್ತದೆ. ಕಾಲು ಸುತ್ತು ಬಿಗಿ ಮಾಡಿದ. ಪ್ಲೇ ಒಂಬತ್ತೇ ಇತ್ತು. ಆಮೇಲೆ ಹಿಡಿಕೆಯ ಬುಡದ ಬೇರಿಂಗು. ಅದನ್ನೂ ಬಿಚ್ಚಿ ತೊಳೆದು ಬಿಗಿದ. ಒಂದು ಗೆರೆ ಇಳಿಯಿತು, ಎರಡು ದಿನಕ್ಕೆ ಮತ್ತೆ ಒಂಬತ್ತಾಯಿತು. ಉಳಿದದ್ದು ನಟ್ಟು. ನಗರದಲ್ಲಿ ಅದನ್ನು ಮಾಡಿಕೊಡುವ ಕೈ ಇರಲಿಲ್ಲ. ಇತ್ತು ಅನ್ನುವುದಾದರೆ ಕಮಲಾಪುರದಲ್ಲಿತ್ತು.

"ಕಾಶಿರಾಯಗ ಹೋಗಿ ಕೇಳ್ರಿ," ಎಂದಳು ಹಲೀಮಾ.

"ಅವನು ಹಾಕಿದ ನಟ್ಟು ನೋಡೀನಿ."

ಹಲೀಮಾ ಹೊಲಿಗೆಗೆ ತಿರುಗಿದಳು. ಕಾಶಿರಾಯನ ಹೆಂಡತಿ ರೇವಮ್ಮ ಒಂದು ಕಾಲಕ್ಕೆ ಅವಳಿಗೆ ಅಕ್ಕನಂತಿದ್ದವಳು. ರಂಜಾನಿನಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆಯನ್ನೇ ಬಸ್ಸಿನಲ್ಲಿ ಹಾಕಿ ಕಳಿಸುತ್ತಿದ್ದಳು. ಆ ನಲವತ್ತು ಪ್ಲೇಟಿನ ವರ್ಷದಿಂದ ಬರುವುದು ನಿಂತಿತ್ತು. ಗಂಡಸರ ನಟ್ಟಿನ ಜಗಳದಲ್ಲಿ ತನ್ನದೊಂದು ಸ್ನೇಹ ಹೋಯಿತೆಂಬ ಸಿಟ್ಟು ಹಲೀಮಾಳಿಗೆ ಇಂದಿಗೂ ಇತ್ತು.

ಸಿಕಂದರ್ ನಟ್ಟನ್ನು ತಾನೇ ಮಾಡಿದ. ಗುಜರಿಯಿಂದ ಕಂಚಿನ ತುಂಡು ತಂದ, ಒಳಗಿನ ಸುರುಳಿ ಕೊರೆಯುವ ಕೆಲಸವನ್ನು ಪರಿಚಯದವರ ಲೇಥಿನಲ್ಲಿ ಮುಗಿಸಿದ, ಒಂದು ವಾರ ಹಿಡಿಯಿತು. ಹಾಕಿ, ಟೇಬಲ್ಲಿಗೆ ಡಯಲ್ ಗೇಜಿನ ಮುಳ್ಳು ತಾಗಿಸಿ, ನಿಧಾನವಾಗಿ ಬಲಕ್ಕೆ ಎಡಕ್ಕೆ ತಿರುಗಿಸಿ ನೋಡಿದ. ಪ್ಲೇ ಅರ್ಧ ಗೆರೆ. ಅರ್ಧ ಗೆರೆ ಎಂದರೆ ಇಲ್ಲವೆಂದೇ ಅರ್ಥ. ಹೊಸ ಯಂತ್ರಕ್ಕೂ ಅಷ್ಟಿರುತ್ತದೆ. ಅವತ್ತು ಅವನು ಹಲೀಮಾಳಿಗೆ ಕೇಳಿಸುವಂತೆ, "ನಟ್ಟು ಹಾಕೋದಂದ್ರ ಹಿಂಗ," ಎಂದ.

ಮಾರನೇ ದಿನ ಬೆಳಿಗ್ಗೆ ಬೇಳೆ ಮಿಲ್ಲಿನ ಪಕ್ಕದ ಪ್ಲೇಟು ಕೊರೆಯಲು ಬಿಗಿದ. ಪ್ಲೇಟಿನಲ್ಲಿ ಎರಡು ಸ್ಲಾಟು, ಅಂದರೆ ಉದ್ದನೆಯ ಸೀಳು, ಬೇಕು, ಒಂದರಿಂದ ಇನ್ನೊಂದಕ್ಕೆ ಹನ್ನೆರಡು ಪಾಯಿಂಟ್ ಎಂಟು ಮಿಲಿಮೀಟರ್. ಹಿಡಿಕೆಯ ಒಂದು ಸುತ್ತಿಗೆ ನೂರು ಗೆರೆ, ಎರಡು ಮಿಲಿಮೀಟರ್. ಬಲಕ್ಕೆ ಬಂದು ಮೊದಲನೆಯದನ್ನು ಕೊರೆದ. ಎಡಕ್ಕೆ ಆರು ಸುತ್ತು ನಲವತ್ತು ಗೆರೆ ತಿರುಗಿಸಿ ಎರಡನೆಯದನ್ನು ಕೊರೆದ. ಅಳತೆಯ ವರ್ನಿಯರ್ ಪಟ್ಟಿಯಿಂದ ಅಳೆದ. ಹನ್ನೆರಡು ಪಾಯಿಂಟ್ ಒಂಬತ್ತು ಎಂಟು.

ಎರಡನೇ ಪ್ಲೇಟೂ ಅಷ್ಟೇ. ಮೂರನೆಯದೂ ಅಷ್ಟೇ. ಗೇಜು ಇಟ್ಟರೆ ಯಂತ್ರ ಸರಿ ಇದೆ, ಪ್ಲೇಟು ಕೊರೆದರೆ ತಪ್ಪಿದೆ. ನಟ್ಟು ಬಿಚ್ಚಿ ಹಾಕಿದ, ಮತ್ತೆ ಬಿಚ್ಚಿ ಹಾಕಿದ. ಸ್ಕ್ರೂ ನಡುವೆ ಸವೆದಿದೆಯೋ ಎಂದು ಬೇರೆ ಜಾಗದಲ್ಲಿ ಕೊರೆದು ನೋಡಿದ. ವರ್ನಿಯರೇ ಕೆಟ್ಟಿದೆಯೋ ಎಂದು ಹೊಸದನ್ನು ತಂದ. ಹೊಸದೂ ಒಂಬತ್ತು ಎಂಟನ್ನೇ ತೋರಿಸಿತು. ಮೂರು ದಿನ ಊಟದ ರುಚಿ ತಿಳಿಯಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಸ್ಪ್ಯಾನರನ್ನು ನೆಲಕ್ಕೆ ಒಗೆದು, "ನಟ್ಟು ಸರಿ ಕೂತಿಲ್ಲ!" ಎಂದು ಕೂಗಿದ.

"ಹಾಕಿದವ್ರು ಯಾರು?" ಎಂದಳು ಹಲೀಮಾ, ಸೂಜಿಗೆ ದಾರ ಪೋಣಿಸುತ್ತ.

ಅದೇ ಮಾತು ತನ್ನ ಬಾಯಿಂದ ಎರಡನೇ ಸಲ ಬಂತೆಂಬುದು ಸಿಕಂದರನಿಗೆ ಆಗ ಹೊಳೆಯಿತು. ಹೊಳೆದದ್ದನ್ನು ಅವನು ತಕ್ಷಣ ಆಚೆ ತಳ್ಳಿದ. ಒಂದೇ ಒಂದು ಸಾಧ್ಯತೆ ಉಳಿದಿದೆ, ಯಂತ್ರದ ನಡುಕಕ್ಕೆ ಹಿಡಿಕೆ ತಾನೇ ತಿರುಗುತ್ತಿರಬೇಕು, ಎಂದುಕೊಂಡ.

"ಇಲ್ಲಿ ಬಾ. ಈ ಗೆರಿ ನೋಡ್ತಾ ನಿಂದ್ರು. ನಾ ನಲವತ್ತಕ್ಕ ತಂದು ಕೈ ಬಿಡ್ತೀನಿ. ಕಟರ್ ಶುರು ಆದ ಮ್ಯಾಲ ಎಷ್ಟಕ್ಕ ಸರೀತದ ಹೇಳು."

ಹಲೀಮಾ ಕನ್ನಡಕ ಏರಿಸಿ ಬಂದು ನಿಂತಳು. ಸಿಕಂದರ್ ಸುತ್ತು ಎಣಿಸಿದ, ನಲವತ್ತಕ್ಕೆ ತಂದ, ಕತ್ತೆತ್ತಿ ಕಟರಿನ ಕಡೆ ನೋಡಿದ, ಸ್ವಿಚ್ಚಿಗೆ ಕೈ ಚಾಚಿದ.

"ನಲವತ್ತೊಂಬತ್ತು," ಎಂದಳು ಹಲೀಮಾ.

"ಇನ್ನಾ ಯಂತ್ರ ಚಾಲೂನ ಆಗಿಲ್ಲ. ಸರಿಯಾಗಿ ಓದು."

"ನನಗ ಓದಾಕ ಬರ್ತದ್ರಿ. ನಲವತ್ತೊಂಬತ್ತು."

ಸಿಕಂದರ್ ಬಗ್ಗಿ ನೋಡಿದ. ನಲವತ್ತೊಂಬತ್ತು. ಹಿಂದಕ್ಕೆ ಹೋಗಿ ಮತ್ತೆ ನಲವತ್ತಕ್ಕೆ ಬಂದ. ಕತ್ತೆತ್ತಿದ.

"ಅಕಾ, ಈಗ ನೋಡ್ರಿ," ಎಂದಳು ಹಲೀಮಾ. "ನಲವತ್ತಕ್ಕ ನಿಂತಿದ್ರಿ. ಮ್ಯಾಲ ನೋಡೂತಲೇ ಕೈ ಒಂದು ತಟ್ಟು ಕೊಡ್ತು. ನಿಮಗ ಗೊತ್ತಾಗಲಿಲ್ಲೇನು?"

ಗೊತ್ತಾಗಿರಲಿಲ್ಲ. ಬಲಗೈಯನ್ನು ಮೇಲೆತ್ತಿ ನೋಡಿಕೊಂಡ. ಎರಡು ವರ್ಷ ಯಂತ್ರದ ಪ್ಲೇ ಬೆಳೆದ ಹಾಗೆ ಈ ಕೈಯೂ ಸದ್ದಿಲ್ಲದೆ ಅಷ್ಟಷ್ಟೇ ಕೂಡಿಸುತ್ತ ಬಂದಿತ್ತು. ನಾಲ್ಕಿದ್ದಾಗ ನಾಲ್ಕು, ಒಂಬತ್ತಿದ್ದಾಗ ಒಂಬತ್ತು. ಯಂತ್ರ ಸರಿಹೋಗಿದೆ ಎಂದು ಕೈಗೆ ಹೇಳಿದವರು ಯಾರೂ ಇರಲಿಲ್ಲ. ಗೇಜು ಇಟ್ಟಾಗ ಕಣ್ಣು ಗೆರೆಯ ಮೇಲೆಯೇ ಇರುತ್ತಿದ್ದರಿಂದ ಕೈ ಸಭ್ಯವಾಗಿ ನಿಲ್ಲುತ್ತಿತ್ತು. ಕಣ್ಣು ಆಚೆ ಹೋಯಿತೋ, ತನ್ನ ಚಾಕರಿ ತಾನು ಮಾಡಿಬಿಡುತ್ತಿತ್ತು.

"ನನ್ನ ಮಷೀನಿಂದು ಹಂಗ ಆಗಿತ್ತಲ್ಲ," ಎಂದಳು ಹಲೀಮಾ. "ಪೆಡಲ್ ಜಾಮ್ ಆಗಿ ಜೋರು ಒತ್ತತಿದ್ದೆ. ರಿಪೇರಿ ಮಾಡಿಸಿದ ಮ್ಯಾಲೂ ಕಾಲು ಜೋರು ಒತ್ತೋದು ಬಿಡಲಿಲ್ಲ, ಎರಡು ಬ್ಲೌಸ್ ಕೆಟ್ಟವು. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ, ಹಂಗ ನಾ ಮಿಸ್ತ್ರಿಗೆ ಬೈದಿದ್ದೆ."

ಅವಳು ಇದನ್ನು ಚುಚ್ಚಲೆಂದು ಹೇಳಿದ್ದಲ್ಲ. ಹೇಳಿ ಮುಗಿಸಿದ ಮೇಲೆ ಗಂಡನ ಮುಖ ನೋಡಿದಳು. ಅವಳಿಗೂ ಅರ್ಥವಾಯಿತು. "ಯಾ ಅಲ್ಲಾ," ಎಂದು ಅಲ್ಲೇ ಕೂತಳು.

ಸಿಕಂದರನ ತಲೆಯಲ್ಲಿ ಓಡುತ್ತಿದ್ದುದು ಒಂದೇ ವಿಷಯ. ಆ ನಲವತ್ತು ಪ್ಲೇಟುಗಳೂ ಅಳತೆಗಿಂತ ಹೆಚ್ಚಾಗಿದ್ದವು. ಸಡಿಲ ನಟ್ಟಿದ್ದರೆ ಹಿಡಿಕೆ ಬರಿದೇ ತಿರುಗಿ ಟೇಬಲ್ಲು ಕಡಿಮೆ ಸರಿಯಬೇಕು. ಹೆಚ್ಚು ಸರಿಯುವುದು ಸಾಧ್ಯವೇ ಇಲ್ಲ. ಐಟಿಐ ಸೇರಿದ ಮೊದಲ ವರ್ಷದ ಹುಡುಗನಿಗೂ ಗೊತ್ತಿರುವ ಈ ಸಂಗತಿ ಅವತ್ತು ಇಪ್ಪತ್ತೈದು ವರ್ಷ ಕಸುಬು ಮಾಡಿದವನಿಗೆ ಯಾಕೆ ಹೊಳೆಯಲಿಲ್ಲ? ಪ್ರಾಮಾಣಿಕವಾಗಿ ಕೇಳಿಕೊಂಡರೆ ಉತ್ತರ ಇತ್ತು. ಹೊಳೆಯುವುದು ಅವನಿಗೆ ಬೇಕಿರಲಿಲ್ಲ. ತನ್ನ ಕೈಯ ಮೇಲೆ ಸಂಶಯ ಪಡುವುದಕ್ಕಿಂತ ಕಾಶಿರಾಯನನ್ನು ಕಳೆದುಕೊಳ್ಳುವುದು ಸುಲಭವಾಗಿತ್ತು.

ಐದು ದಿನ ಅವನು ಎಲ್ಲಿಗೂ ಹೋಗಲಿಲ್ಲ. ಹಳೆಯದನ್ನು ಕೆದಕಿ ಏನು ಉಪಯೋಗ ಎಂದುಕೊಂಡ. ಸೇಠ್ ಈಗ ಇಲ್ಲ, ವರ್ಕ್‌ಶಾಪು ಮುಚ್ಚಿದೆ, ಕಾಶಿರಾಯ ಮರೆತಿರಬಹುದು ಎಂದುಕೊಂಡ. ಮನುಷ್ಯನಿಗೆ ತನಗೆ ಬೇಕಾದ ನೆಪ ಹುಡುಕುವುದರಲ್ಲಿ ಇರುವಷ್ಟು ಬುದ್ಧಿ ಬೇರೆ ಯಾವುದರಲ್ಲೂ ಇಲ್ಲ. ಹಲೀಮಾ ಬಯ್ಯಲಿಲ್ಲ, ಒತ್ತಾಯಿಸಲಿಲ್ಲ. ಆರನೇ ದಿನ ಇಸ್ತ್ರಿ ಮಾಡಿದ ಅಂಗಿಯನ್ನು ತಂದು ಯಂತ್ರದ ಮೇಲೆ ಇಟ್ಟಳು. ಸಿಕಂದರ್ ಹಾಕಿಕೊಂಡು ಹೊರಟ.

ಹುಮನಾಬಾದ್ ರಸ್ತೆಯ ಬಸ್ಸಿನಲ್ಲಿ ಕಮಲಾಪುರ ಒಂದು ತಾಸಿನ ದಾರಿ. ಒಂದು ತಾಸಿನಲ್ಲಿ ಮುಗಿಯುವ ಕೆಲಸಕ್ಕೆ ಹದಿನೆಂಟು ವರ್ಷ ಹಿಡಿಯಿತು ಎಂಬ ಯೋಚನೆ ದಾರಿಯುದ್ದಕ್ಕೂ ಅವನನ್ನು ತಿಂದಿತು. ಬಸ್ ನಿಲ್ದಾಣದಲ್ಲಿ ಇಳಿದು ಕೇಳಿದರೆ, ಪಂಪಿನ ಕಾಶಿರಾಯನಾ ಎಂದು ಬಾಳೆಹಣ್ಣಿನವಳೊಬ್ಬಳು ದಾರಿ ತೋರಿಸಿದಳು.

ಮನೆಯ ಮುಂದೆಯೇ ತಗಡಿನ ಶೆಡ್ಡು. ಒಳಗೆ ಹಳೆಯ ಲೇಥು, ಬಿಚ್ಚಿ ಹಾಕಿದ ಪಂಪುಗಳು. ಕಾಶಿರಾಯ ಸಣ್ಣಗಾಗಿದ್ದ, ಮೀಸೆ ಬೆಳ್ಳಗಾಗಿತ್ತು. ಬಾಗಿಲಲ್ಲಿ ಸ್ಕೂಟಿ ನಿಲ್ಲಿಸಿಕೊಂಡು ಒಬ್ಬ ಹೆಣ್ಣುಮಗಳು ಅವನೊಡನೆ ವಾದ ಮಾಡುತ್ತಿದ್ದಳು. ಹೆಸರು ರಾಜೇಶ್ರೀ, ಹೊಲದ ಪಂಪು ನಿಂತು ಎರಡು ದಿನವಾಗಿತ್ತು; ಅದರ ದಂಡ ಕೂರುವ ಕಂಚಿನ ಉಂಗುರ, ಬುಷ್, ಮಾಡಲು ಕೊಟ್ಟಿದ್ದಳು.

"ಬುಷ್ ಮುಂಜಾನೇನ ಆಗ್ಯಾದಂತ ನೀವ ಹೇಳ್ತೀರಿ ಕಾಕಾ. ಆಗಿದ್ರ ಕೊಡ್ರಲ್ಲ."

"ಆಗ್ಯಾದವ್ವ. ಮಾಳಿಂಗರಾಯ ಬರ್ಲಿ, ಒಮ್ಮಿ ನೋಡ್ತಾನ, ಕೊಡ್ತೀನಿ."

"ಮಾಳಿಂಗರಾಯ ಮದವಿಗಿ ಹೋಗ್ಯಾನ. ಸಂಜೀಕ ಬರ್ತಾನ. ಅಲ್ರೀ, ಆತ ವೆಲ್ಡಿಂಗ್ ಮಾಡಾವ, ಬುಷಿಂದು ಆತಗೇನು ತಿಳೀತದ?"

ಕಾಶಿರಾಯ ಅವಳಾಚೆಗೆ ಕಣ್ಣು ಹಾಯಿಸಿದ. ಬಾಗಿಲಲ್ಲಿ ನಿಂತ ಸಿಕಂದರನನ್ನು ನೋಡಿದ. ಗುರುತು ಹತ್ತಲು ಹೊತ್ತು ಹಿಡಿಯಲಿಲ್ಲ. ಮುಖದಲ್ಲಿ ಸಿಟ್ಟೂ ಕಾಣಲಿಲ್ಲ, ಸಂತೋಷವೂ ಕಾಣಲಿಲ್ಲ. ಒಂದು ಸ್ಟೂಲು ಎಳೆದು ಕೊಟ್ಟ.

"ಬಾ ಸಿಕಂದರ್‌ಭಾಯ್. ಕೂಡು."

ಸಿಕಂದರ್ ಕೂಡಲಿಲ್ಲ. ಕೂತರೆ ಕುಶಲ ಕೇಳಬೇಕಾಗುತ್ತದೆ, ಕುಶಲ ಕೇಳಿದರೆ ಚಹಾ ಬರುತ್ತದೆ, ಚಹಾ ಬಂದರೆ ಹೇಳುವುದು ಆಗುವುದಿಲ್ಲ ಎಂದು ಅವನಿಗೆ ತನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಜೇಬಿನಿಂದ ಕೆಟ್ಟ ಪ್ಲೇಟೊಂದನ್ನು ತೆಗೆದು ಲೇಥಿನ ಮೇಲೆ ಇಟ್ಟ.

"ಅವತ್ತು ನಿನ್ನ ನಟ್ಟು ಸರಿ ಇತ್ತು ಕಾಶಿ. ತಪ್ಪಿದ್ದು ನನ್ನ ಕೈ."

ಎಲ್ಲವನ್ನೂ ಹೇಳಿದ. ಮನೆಯ ಯಂತ್ರ, ತಾನೇ ಮಾಡಿದ ನಟ್ಟು, ಹಲೀಮಾ ಓದಿದ ಗೆರೆ, ಯಾವುದನ್ನೂ ಬಿಡಲಿಲ್ಲ. ಕಾಶಿರಾಯ ಪ್ಲೇಟನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ.

"ಎಷ್ಟು ಗೆರಿ?"

"ಒಂಬತ್ತು."

"ಹೆಚ್ಚೋ, ಕಡಿಮೀನೋ?"

"ಹೆಚ್ಚು. ಅವತ್ತಿನವೂ ಹೆಚ್ಚ ಇದ್ದವು."

ಕಾಶಿರಾಯ ಪ್ಲೇಟಿನ ಸ್ಲಾಟಿನ ಮೇಲೆ ಹೆಬ್ಬೆರಳು ಆಡಿಸಿದ. ಫಿಟರನ ತಲೆ, ಮಾತು ಮುಗಿಯುವ ಮೊದಲೇ ಅವನಿಗೆ ಎಲ್ಲ ತಿಳಿದಿತ್ತು. ಒಳಗಿನಿಂದ ರೇವಮ್ಮ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನಾ ಅವತ್ತು ಗೇಜು ಇಟ್ಟು ನೋಡಿದ್ದೆ," ಎಂದ ಕಾಶಿರಾಯ. "ಅರ್ಧ ಗೆರಿ ತೋರಿಸಿತ್ತು. ಮೂರು ಸಲ ನೋಡಿದ್ದೆ."

"ಗೇಜು ಖರೇನ ಹೇಳಿತ್ತು."

"ನೀ ಸರಿ ಇಲ್ಲ ಅಂದಿ. ನಿನ್ನ ಕೈ ತಪ್ಪಂಗಿಲ್ಲ. ಹಂಗಂದ್ರ ನನಗ ಗೇಜು ಓದಾಕ ಬರ್ತಿಲ್ಲ ಅಂತ ಅನಿಸ್ತು."

ಸಿಕಂದರ್ ಇದಕ್ಕೆ ಸಿದ್ಧನಾಗಿ ಬಂದಿರಲಿಲ್ಲ. ಬಯ್ಗುಳಕ್ಕೆ ಸಿದ್ಧನಾಗಿದ್ದ, ಬಾಗಿಲು ಹಾಕಿಸಿಕೊಳ್ಳುವುದಕ್ಕೂ ಸಿದ್ಧನಾಗಿದ್ದ. ಇಷ್ಟು ವರ್ಷ ಕಾಶಿರಾಯ ತನ್ನನ್ನು ಶಪಿಸುತ್ತ ಕೂತಿದ್ದಾನೆ ಎಂದೇ ಅವನು ತಿಳಿದಿದ್ದ, ಅದರಲ್ಲಿ ಒಂದು ಬಗೆಯ ಸಮಾಧಾನವೂ ಇತ್ತು. ಈ ಮನುಷ್ಯ ತನ್ನ ಮಾತನ್ನು ನಂಬಿಕೊಂಡು ಕೂತಿದ್ದ.

"ಈಗ ಬಂದು ಹೇಳಿದ್ರ ಏನ್ ಬಂತ್ರಿ ಭಾಯ್?" ಎಂದಳು ರೇವಮ್ಮ. "ಇವರು ಮನೀಗಿ ಕೀಲಿ ತಾವ ಹಾಕ್ತಾರ. ಹಾಕಿ ನನಗ ಕೇಳ್ತಾರ, ಹಾಕೀನೇನು ನೋಡು ಅಂತ. ಹದಿನೆಂಟು ವರ್ಷ ಆತು, ದಿನಾ ಕೇಳ್ತಾರ."

"ಇರ್ಲಿ ಬಿಡು," ಎಂದ ಕಾಶಿರಾಯ.

"ಯಾಕ ಬಿಡಬೇಕು?" ಎಂದು ರೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

"ನನ್ನ ಮಾಫ್ ಮಾಡು ಕಾಶಿ," ಎಂದ ಸಿಕಂದರ್. ಅವನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಅಡಗಿಸಲು ಅವನು ಹೋಗಲಿಲ್ಲ.

"ಮಾಫಿ ಏನು, ಅದು ಆತು. ನೀ ಹೇಳಾಕ ಬಂದಿ, ಛಲೋ ಮಾಡ್ದಿ." ಕಾಶಿರಾಯ ಪ್ಲೇಟನ್ನು ಲೇಥಿನ ಮೇಲೆ ಮೆಲ್ಲಗೆ ಇಟ್ಟ. "ಗೇಜು ಖರೇ ಹೇಳಿತ್ತು ಹೌದಿಲ್ಲೋ?"

"ಖರೇ ಹೇಳಿತ್ತು."

"ನಟ್ಟು ಸರಿ ಇತ್ತು."

"ಸರಿ ಇತ್ತು."

ಕಾಶಿರಾಯ ತಲೆಯಾಡಿಸಿದ. ಮುಖ ಸ್ವಲ್ಪ ಸಡಿಲವಾದಂತೆ ಕಂಡಿತು. ರಾಜೇಶ್ರೀಗೆ ಇವರಿಬ್ಬರ ಮಾತಿನ ತಲೆಬುಡ ತಿಳಿಯದಿದ್ದರೂ ಇದೇ ಸಮಯ ಎನ್ನಿಸಿರಬೇಕು. "ಹಂಗಾರ ನನ್ನ ಬುಷ್ ಕೊಡ್ರಿ ಕಾಕಾ," ಎಂದಳು.

ಕಾಶಿರಾಯ ಹಲಗೆಯ ಮೇಲಿನಿಂದ ಕಂಚಿನ ಬುಷ್ ತೆಗೆದುಕೊಂಡ. ಹೊಳೆಯುತ್ತಿತ್ತು. ದೂರದಿಂದ ನೋಡಿದರೇ ಒಳ್ಳೆಯ ಕೆಲಸವೆಂದು ಸಿಕಂದರನಿಗೆ ತಿಳಿಯಿತು. ಅವಳ ಕಡೆಗೆ ಚಾಚಿದ ಕೈ ನಡುದಾರಿಯಲ್ಲಿ ನಿಂತಿತು. ಕಾಶಿರಾಯ ಬುಷ್ ನೋಡಿದ, ರಸ್ತೆಯಾಚೆ ಮುಚ್ಚಿದ್ದ ಮಾಳಿಂಗರಾಯನ ಅಂಗಡಿ ನೋಡಿದ. ಆಮೇಲೆ ತಿರುಗಿ, ಬುಷನ್ನೂ ವರ್ನಿಯರನ್ನೂ ಸಿಕಂದರನ ಕೈಯಲ್ಲಿಟ್ಟ.

"ಹೆಂಗೂ ನೀ ಬಂದೀದಿ. ಇಪ್ಪತ್ತೈದು ಇರಬೇಕು. ನೋಡಿ ಹೇಳು."

"ನೋಡೋದೇನದ ಕಾಶಿ? ಸರಿ ಅದ. ಕೊಟ್ಟುಬಿಡು."

"ಅಳದು ಹೇಳು."

ಸಿಕಂದರ್ ಅಳೆದ. ಇಪ್ಪತ್ತೈದಕ್ಕೆ ಒಂದು ಕೂದಲೂ ಹೆಚ್ಚಿಲ್ಲ, ಒಂದು ಕೂದಲೂ ಕಡಿಮೆಯಿಲ್ಲ. "ಇಪ್ಪತ್ತೈದು," ಎಂದ.

ಕಾಶಿರಾಯ ಅವನ ಬಾಯನ್ನೇ ನೋಡುತ್ತಿದ್ದ. "ಇನ್ನೊಮ್ಮಿ ನೋಡು ಭಾಯ್," ಎಂದ.

ಸಿಕಂದರ್ ಬುಷನ್ನು ಅಂಗಿಯ ತುದಿಯಿಂದ ಒರೆಸಿ ಇನ್ನೊಮ್ಮೆ ಅಳೆದ.